ದಣಿದ ಮಜ್ಜೆ

ಪರದೆಯ ಮೇಲೆ ಏಳು ಎಂಬ ಅಂಕಿ ಮೂಡಿತು. ಶೈಲಶ್ರೀ ಬೆನಕಟ್ಟಿ ಅದನ್ನು ನಂಬದೆ ಅದೇ ರಕ್ತದ ಇನ್ನೊಂದು ಹನಿಯನ್ನು ಯಂತ್ರಕ್ಕೆ ಕೊಟ್ಟಳು. ಯಂತ್ರ ಅದನ್ನು ಕೂದಲಿಗಿಂತ ತೆಳುವಾದ ಧಾರೆಯಾಗಿ ಎಳೆದು, ಒಂದೊಂದೇ ಕೋಶವನ್ನು ಬೆಳಕಿನ ಮುಂದೆ ಹಾಯಿಸಿ, ಬೇಕಾದ ಗುರುತಿದ್ದವನ್ನು ಮಾತ್ರ ಎಣಿಸಿತು. ಈ ಸಲವೂ ಏಳು.

ಬೇಕಾಗಿದ್ದುದು ಇಪ್ಪತ್ತು.

ಗಾಜಿನ ಗೋಡೆಯಾಚೆ ಕಾಯುವ ಕೋಣೆಯಲ್ಲಿ ಆ ರಕ್ತದ ಒಡತಿ ಕುಳಿತಿದ್ದಳು. ಕೇಂದ್ರದ ಕಡತದಲ್ಲಿ ಅವಳು ಹದಿನೇಳನೇ ನಂಬರು. ಹೆಸರು ಮಧುಮತಿ, ಊರು ಗುಳೇದಗುಡ್ಡ, ವಯಸ್ಸು ಇಪ್ಪತ್ತಾರು. ಬಾಗಲಕೋಟೆಯ ಆ ಕೇಂದ್ರಕ್ಕೆ ಬರುವ ಎಲ್ಲ ಹೆಂಗಸರಂತೆ ಅವಳೂ ಸೆರಗನ್ನು ಮೂಗಿನವರೆಗೆ ಎಳೆದುಕೊಂಡೇ ಬರುತ್ತಿದ್ದಳು. ಒಳಗೆ ಬಂದು ಕೂತ ಮೇಲೆ ಮಾತ್ರ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಚೀಲದಿಂದ ಮೆಹಂದಿ ಕೋನು ತೆಗೆದು ಪಕ್ಕದವರ ಅಂಗೈ ಮೇಲೆ ಬಳ್ಳಿ ಬಿಡಿಸುತ್ತಿದ್ದಳು. ಮದುವೆ ಮನೆಗಳಲ್ಲಿ ಮದುಮಗಳಿಗೆ ಮೆಹಂದಿ ಹಚ್ಚುವುದು ಅವಳ ಕಸುಬು. ಈಗಲೂ ಒಬ್ಬ ಮುದುಕಿಯ ಕೈ ಹಿಡಿದು ಕೂತಿದ್ದಳು. ಮುದುಕಿ ನಾಚಿಕೊಂಡು ನಗುತ್ತಿದ್ದಳು.

ಮಧುಮತಿಗೆ ಎಚ್‌ಐವಿ ಬಂದದ್ದು ತಾಯಿಯ ಬಸಿರಿನಿಂದ. ತಾಯಿ ಹೋದ ಮೇಲೆ ಅತ್ತ ಸೋದರತ್ತೆಯ ಮನೆ, ಇತ್ತ ಚಿಕ್ಕಮ್ಮನ ಮನೆ ಎಂದು ಅಲೆದ ವರ್ಷಗಳಲ್ಲಿ ಮಾತ್ರೆ ಎಷ್ಟೋ ಸಲ ತಪ್ಪಿಹೋಗಿತ್ತು. ಬಿಟ್ಟು ಬಿಟ್ಟು ನುಂಗಿದ ಮಾತ್ರೆಗಳ ಪಟ್ಟನ್ನೆಲ್ಲ ವೈರಸ್ಸು ಒಂದೊಂದಾಗಿ ಕಲಿತುಬಿಟ್ಟಿತ್ತು. ಅದೇ ರೋಗವಿದ್ದ ಬೇರೆಯವರು ಮಾತ್ರೆಯ ಮೇಲೆಯೇ ಬದುಕಿ ಮೊಮ್ಮಕ್ಕಳನ್ನು ಕಂಡಿದ್ದರು. ಅವಳ ಪಾಲಿಗೆ ಉಳಿದಿದ್ದ ಕೊನೆಯ ಮಾತ್ರೆಯೂ ಕಳೆದ ವರ್ಷ ಸೋತಿತ್ತು. ಇನ್ನು ಅವಳಿಗಿದ್ದದ್ದು ಒಂದೇ ದಾರಿ. ಜನ ಅದನ್ನು ಬೇರು ಚಿಕಿತ್ಸೆ ಎಂದು ಕರೆಯುತ್ತಿದ್ದರು.

ರಕ್ತದ ಎಲ್ಲ ಕೋಶಗಳೂ ಎಲುಬಿನ ಮಜ್ಜೆಯಲ್ಲಿರುವ ಕೆಲವೇ ಕಾಂಡಕೋಶಗಳ ಸಂತಾನ. ಅವು ಸಾಮಾನ್ಯವಾಗಿ ಮಜ್ಜೆ ಬಿಟ್ಟು ಹೊರಗೆ ಬರುವವಲ್ಲ. ಆದರೆ ಬೆಳವಣಿಗೆ ಅಂಶವೆಂಬ ಔಷಧವನ್ನು ಐದು ದಿನ ಚುಚ್ಚಿಕೊಂಡರೆ ಅವು ಹೆಚ್ಚಿ, ತಮ್ಮ ನೆಲೆಯಿಂದ ಸಡಿಲಗೊಂಡು, ರಕ್ತಕ್ಕೆ ಇಳಿಯುತ್ತವೆ. ಆರನೆಯ ದಿನ ಒಂದು ತೋಳಿನಿಂದ ರಕ್ತವನ್ನು ಹೊರಗೆಳೆದು, ಕಾಂಡಕೋಶಗಳನ್ನು ಬೇರ್ಪಡಿಸಿಕೊಂಡು, ಉಳಿದದ್ದನ್ನು ಇನ್ನೊಂದು ತೋಳಿಗೆ ಮರಳಿಸುತ್ತಾರೆ. ಪ್ರಯೋಗಾಲಯದಲ್ಲಿ ಆ ಕೋಶಗಳಿಂದ ವೈರಸ್ಸು ಒಳಹೊಗುವ ಬಾಗಿಲನ್ನೇ ಕಿತ್ತು, ಕೆಲವು ವಾರಗಳ ನಂತರ ಮೈಗೆ ಹಿಂದಿರುಗಿಸುತ್ತಾರೆ. ಆಮೇಲೆ ಹುಟ್ಟುವ ರಕ್ತಕ್ಕೆ ಆ ಬಾಗಿಲೇ ಇರುವುದಿಲ್ಲ.

ಎಲ್ಲವೂ ನಿಂತಿರುವುದು ಎಷ್ಟು ಕೋಶ ರಕ್ತಕ್ಕಿಳಿದವು ಎಂಬುದರ ಮೇಲೆ. ಸಾಸಿವೆ ಕಾಳಿನಷ್ಟು ಸಣ್ಣ ರಕ್ತದ ಹನಿಯಲ್ಲಿ ಇಪ್ಪತ್ತಾದರೂ ಇರಬೇಕು. ಇಲ್ಲದಿದ್ದರೆ ಆರು ಗಂಟೆ ರಕ್ತ ಹರಿಸಿದರೂ ಚೀಲದಲ್ಲಿ ಏನೂ ಕೂಡುವುದಿಲ್ಲ.

ಶೈಲಶ್ರೀ ಹೊರಗೆ ಬಂದಾಗ ಮಧುಮತಿ ಅವಳ ಮುಖವನ್ನಷ್ಟೇ ನೋಡಿದಳು. ಆ ಕೋಣೆಯಲ್ಲಿ ಕೂತವರಿಗೆ ಮುಖ ಓದುವುದು ಚೆನ್ನಾಗಿ ಬರುತ್ತಿತ್ತು.

“ಔಷಧ ಎಲ್ಲಿಟ್ಟಿದ್ರಿ?”

“ಫ್ರಿಜ್ಜಿನ ಬಾಗಲದಾಗ್ರಿ ಅಕ್ಕಾರ. ನೀವು ಹೇಳಿದ್ಹಂಗ.”

“ಹತ್ತೂ ಸೂಜಿ ತಪ್ಪದ ಹಾಕ್ಕೊಂಡ್ರಿ?”

“ಮುಂಜಾನಿ ಒಂದು, ಸಂಜಿಮುಂದ ಒಂದು. ಬಚ್ಚಲದಾಗ ಚಿಲಕಾ ಹಾಕ್ಕೊಂಡು ಹಾಕ್ಕೊಂಡೀನಿ.” ಅವಳು ಕೋನಿನ ತುದಿಯನ್ನು ಒರೆಸಿ ಚೀಲದೊಳಗಿಟ್ಟಳು. “ಆತು ಬಿಡ್ರಿ. ನನ್ನ ಎಲುಬು ನನ್ನ ಮಾತು ಕೇಳಲಿಲ್ಲ.”

*

“ಹನ್ನೆರಡು ಮಂದಿ ಹೆಣ್ಣುಮಕ್ಕಳು, ಒಬ್ಬಾಕಿನೂ ಹತ್ತು ದಾಟಲಿಲ್ಲ,” ಎಂದರು ಡಾ. ಮುಕುಂದ ಜಾಲಿಹಾಳ. ಅವರು ಕೇಂದ್ರದ ಮುಖ್ಯಸ್ಥರು. ಒಳ್ಳೆಯ ವೈದ್ಯರು, ಕೆಟ್ಟ ಸುದ್ದಿಯನ್ನು ತಾವೇ ಕೂತು ಹೇಳುವಂಥವರು. “ಗಂಡಸರು ನಲವತ್ತು, ಐವತ್ತು ಮುಟ್ಟ್ಯಾರ. ಅದೇ ಔಷಧ, ಅಷ್ಟೇ ಪ್ರಮಾಣ. ಬಹಳ ವರ್ಷ ವೈರಸ್ಸಿನ ಜೊತಿ ಇದ್ದ ಹೆಣ್ಣಿನ ಮಜ್ಜೆ ದಣಿದು ಹೋಗತದ, ಶೈಲಾ. ಕೂಗಿದರ ಏಳಂಗಿಲ್ಲ.”

ಆ ತಿಂಗಳ ಕೊನೆಗೆ ಅವರು ಇದನ್ನೇ ಬರೆದು ಕಳಿಸುವವರಿದ್ದರು. ಅದಕ್ಕೊಂದು ಹೆಸರೂ ಆಗಿತ್ತು: ದಣಿದ ಮಜ್ಜೆ. ಬರಹ ಅಚ್ಚಾದರೆ ಮುಂದೆ ಇಂಥ ಹೆಂಗಸರನ್ನು ಪಟ್ಟಿಗೆ ಸೇರಿಸುವುದೇ ಇಲ್ಲ. ಹನ್ನೆರಡು ಜನರ ಹೆಸರಿನ ಎದುರು ಆಗಲೇ ಗೆರೆ ಬಿದ್ದಿತ್ತು. ಅವರಲ್ಲಿ ಒಬ್ಬಳು, ತೇರದಾಳದ ಕಡೆಯವಳು, ಯುಗಾದಿಯ ಹೊತ್ತಿಗೆ ತೀರಿಕೊಂಡಿದ್ದಳು.

ಶೈಲಶ್ರೀ ಹೂಂ ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಅವಳು ಕಡಿಮೆ ಮಾತಿನವಳು. ತನ್ನೊಳಗೆ ಏನೋ ಒಪ್ಪದೆ ಉಳಿದಿದೆ ಎಂಬುದು ಅವಳಿಗೆ ಗೊತ್ತಾಗುತ್ತಿದ್ದುದು ತಾನು ಸುಮ್ಮನಾದಾಗಲೇ. ದಣಿವು ಎಂಬ ಮಾತು ಹೆಣ್ಣಿನ ಮೇಲೆ ಎಷ್ಟು ಸುಲಭವಾಗಿ ಕೂರುತ್ತದೆ ಎಂದು ಅವಳು ಯೋಚಿಸಿದಳು. ಯಾರೂ ಮತ್ತೆ ಕೇಳುವುದಿಲ್ಲ.

ಬಳಸಿದ ಸೂಜಿಗಳನ್ನು ರೋಗಿಗಳು ಒಂದು ಡಬ್ಬಿಯಲ್ಲಿ ಹಾಕಿ ಹಿಂದಿರುಗಿಸಬೇಕೆಂಬ ನಿಯಮವಿತ್ತು. ಅವನ್ನು ನೋಡುವವರಿರಲಿಲ್ಲ; ಲೆಕ್ಕ ಸರಿಯಿದ್ದರೆ ಸುಡಲು ಹೋಗುತ್ತಿದ್ದವು. ಶೈಲಶ್ರೀ ಹದಿನೇಳನೇ ನಂಬರಿನ ಡಬ್ಬಿಯನ್ನು ಬೆಳಕಿಗೆ ಹಿಡಿದಳು. ಹತ್ತರ ಮೇಲೂ ಚೀಟಿಯ ಶಾಯಿ ನೀರು ಹತ್ತಿ ಹರಡಿತ್ತು. ಎರಡರ ಮೇಲೆ ಹಸಿರುಗಂದು ಕಲೆ. ಮೂಗಿನ ಹತ್ತಿರ ತಂದರೆ ಮೆಹಂದಿಗೆ ಬೆರೆಸುವ ನೀಲಗಿರಿ ಎಣ್ಣೆಯ ವಾಸನೆ.

ಫ್ರಿಜ್ಜಿನ ಬಾಗಿಲಲ್ಲಿಟ್ಟ ಸೂಜಿಗೆ ಇಷ್ಟು ನೀರು ಹತ್ತುವುದಿಲ್ಲ. ಮಂಜು ಹಿಡಿದು ಕರಗಿದ್ದಕ್ಕೆ ಹತ್ತುತ್ತದೆ.

ಮಧುಮತಿ ಕಾಯುವ ಕೋಣೆಯಲ್ಲಿ ಎಲ್ಲರಿಗೂ ಹಂಚಿದ್ದ ಕಾರ್ಡು ಶೈಲಶ್ರೀಯ ಮೇಜಿನ ಮೇಲೂ ಇತ್ತು. ‘ಮಧು ಮೆಹಂದಿ, ಮದುವೆ ಹಾಗೂ ಸೀಮಂತಕ್ಕೆ.’ ಕಡತದಲ್ಲಿರುವ ಫೋನ್ ನಂಬರಿಗೆ ಕರೆ ಮಾಡುವುದು ಸರಿಯಲ್ಲ. ಕಾರ್ಡಿನ ನಂಬರಿಗೆ ಯಾರು ಬೇಕಾದರೂ ಕರೆಯಬಹುದು.

“ಎರಡೂ ಕೈಗೆ ಹಚ್ಚಿಸ್ಕೋಬೇಕಾಗಿತ್ತು,” ಎಂದಳು ಫೋನಿನಲ್ಲಿ. “ನಿಮ್ಮ ಮನಿಗೇ ಬರ್ತೀನಿ.”

ಆ ಕಡೆ ಮಧುಮತಿಗೆ ದನಿಯ ಗುರುತು ಸಿಕ್ಕಿತ್ತು. “ಆಯ್ತವಾರ ಮಧ್ಯಾಹ್ನ ಬರ್ರಿ,” ಎಂದಳು. “ಅತ್ತಿ ಮನ್ಯಾಗ ಇರ್ತಾರ.” ಅದು ಆಮಂತ್ರಣವಲ್ಲ, ಎಚ್ಚರಿಕೆ.

*

ಗುಳೇದಗುಡ್ಡದ ಆ ಓಣಿಯಲ್ಲಿ ಭಾನುವಾರವೂ ಮಗ್ಗಗಳ ಸದ್ದಿತ್ತು. ಮಧುಮತಿಯ ಗಂಡ ಈರಣ್ಣ ಕುಪ್ಪಸದ ಖಣ ನೇಯುವವನು. ಅವನಿಗೆ ಎಲ್ಲ ಗೊತ್ತಿತ್ತು, ಗೊತ್ತಿದ್ದೇ ಮದುವೆಯಾದವನು. ಮನೆಯಲ್ಲಿ ಗೊತ್ತಿಲ್ಲದವರು ಅವನ ತಾಯಿ ಕಾಶವ್ವ, ಅಣ್ಣ, ಅತ್ತಿಗೆ, ಅವರ ಮೂರು ಮಕ್ಕಳು. ಫ್ರಿಜ್ಜು ಪಡಸಾಲೆಯ ನಡುವೆ, ಎಲ್ಲರ ಕಣ್ಣೆದುರಿಗೆ ನಿಂತಿತ್ತು. ಶೈಲಶ್ರೀ ಕೂತ ಹತ್ತು ನಿಮಿಷದಲ್ಲಿ ಅದರ ಬಾಗಿಲು ನಾಲ್ಕು ಸಲ ತೆರೆಯಿತು.

“ಬಾಗಲಕೋಟಿಂದ ಇಷ್ಟು ದೂರ ಬಂದೀರಿ ಅಂದ್ರ ನಮ್ಮ ಮಧೂನ ಹೆಸರು ಅಲ್ಲೀತನಾ ಮುಟ್ಟೈತಿ ಅಂದ್ಹಂಗಾತು,” ಎಂದಳು ಕಾಶವ್ವ, ಎದುರಿಗೇ ಗೋಡೆಗೊರಗಿ ಕೂತು. ಏಳುವ ಲಕ್ಷಣವಿರಲಿಲ್ಲ. “ಆಕಿ ಕೈಗುಣನ ಹಂಗ ಐತ್ರಿ. ಹೋದ ವರ್ಷ ಮೂವತ್ತು ಮದುಮಕ್ಕಳಿಗೆ ಹಚ್ಚ್ಯಾಳ. ಒಂದೂ ಬಣ್ಣ ತಪ್ಪಿಲ್ಲ.”

“ಅತ್ತೀ, ಸಾಕ ಬಿಡ್ರಿ.”

“ಯಾಕ ಸಾಕ? ನಿನ್ನ ಹೊಗಳಿದ್ರ ನನ್ನ ಹಲ್ಲು ಬೀಳ್ತಾವೇನು? ಇದ್ದಾವ ಮೂರು.”

ಮಧುಮತಿ ಎದ್ದು ಫ್ರೀಜರಿನ ಬಾಗಿಲು ತೆಗೆದಳು. ಒಳಗೆ ಮಂಜಿನ ನಡುವೆ ಒಂದು ಉದ್ದನೆಯ ಸ್ಟೀಲಿನ ಡಬ್ಬಿ. ಅದರ ತುಂಬ ಕೋನುಗಳು, ಬಿಗಿದು ಸುತ್ತಿದ ಪ್ಲಾಸ್ಟಿಕ್ಕಿನವು, ಬೆರಳುದ್ದದವು. ಅವುಗಳ ನಡುವೆ ಹತ್ತು ಸೂಜಿ ಸೇರಿಸಿದರೆ ಹುಡುಕಿದರೂ ಸಿಗಲಾರವು.

“ಆ ಡಬ್ಬಿ ಮುಟ್ಟಿದ್ರ ಆಟಾ ಕೆಡತೈತ್ರಿ,” ಎಂದಳು ಕಾಶವ್ವ. “ನಾ ಐಸ್ ತಗೋಳಾಕನೂ ಆಕಿನ್ನ ಕರೀತೀನಿ. ಹುಡುಗೂರು ಸೈತ ಅದರ ಗೊಡವಿಗೆ ಹೋಗಂಗಿಲ್ಲ.”

ಮಧುಮತಿ ಶೈಲಶ್ರೀಯ ಬಲಗೈ ಎಳೆದುಕೊಂಡು ಮಣಿಕಟ್ಟಿನಿಂದ ಶುರು ಮಾಡಿದಳು. ತಣ್ಣನೆಯ ಗೆರೆ ಚರ್ಮದ ಮೇಲೆ ಹರಿಯಿತು. ಕಾಶವ್ವ ಓಣಿಯ ಸುದ್ದಿಗಿಳಿದಳು. ಹಾಗೇ ಮಾತಿನ ಓಘದಲ್ಲಿ ಹೇಳಿದಳು: “ಇಲ್ಲೇ ಮೂಲಿ ಮನ್ಯಾಗ ಒಬ್ಬಾಕಿ ಜಂಪರ ಹೊಲಿತಿದ್ಲು. ಆ ದೊಡ್ಡ ರೋಗ ಐತಿ ಅಂತ ಗೊತ್ತಾತು ನೋಡ್ರಿ. ಹೊಲ್ಯಾಕ ಕೊಟ್ಟ ಅರಬಿ ಸೈತ ತಿರುಗಿ ಇಸಕೊಳ್ಳಾಕ ಯಾರೂ ಹೋಗಲಿಲ್ಲ.”

“ನೀವು?” ಎಂದಳು ಶೈಲಶ್ರೀ.

“ನಾನೂ ಹೋಗಲಿಲ್ಲ ಬಿಡ್ರಿ. ನಂದೊಂದು ಖಣ ಇತ್ತು. ಚಲೋ ಖಣ.” ಕಾಶವ್ವ ಒಂದು ಕ್ಷಣ ನೆಲ ನೋಡಿದಳು. “ಆಕಿ ಆಮ್ಯಾಲೆ ಊರು ಬಿಟ್ಟ್ಲು.”

ಮೆಹಂದಿಯ ಗೆರೆ ತುಸುವೂ ಅಲುಗಲಿಲ್ಲ. ಇಷ್ಟು ನಿಶ್ಚಲವಾದ ಕೈಯನ್ನು ಶೈಲಶ್ರೀ ಪ್ರಯೋಗಾಲಯದಲ್ಲೂ ಕಂಡಿರಲಿಲ್ಲ. ಈ ನಿಶ್ಚಲತೆಯನ್ನು ಇವಳು ಎಷ್ಟು ವರ್ಷ ಕಲಿತಿರಬೇಕು ಎನಿಸಿತು.

“ಕೋನು ಫ್ರೀಜರಿನ್ಯಾಗ ಇಡಬೇಕೇನು?” ಎಂದು ಕೇಳಿದಳು. “ಕೆಳಗ ಇಟ್ರ ನಡಿಯಂಗಿಲ್ಲ?”

“ಕೆಳಗ ಇಟ್ರ ನಾಲ್ಕ ದಿನಕ್ಕ ಬಣ್ಣ ಸತ್ತು ಹೋಕ್ಕೈತ್ರಿ. ಹೆಪ್ಪುಗಟ್ಟಿದ್ರ ಆರು ತಿಂಗಳಾದ್ರೂ ಹಂಗ ಇರತೈತಿ. ಥಂಡಿ ಎಷ್ಟು ಇದ್ರ ಅಷ್ಟು ಚಲೋ.” ಮಧುಮತಿ ಕಣ್ಣೆತ್ತಿದಳು. “ಅದಕ್ಕ ಎಲ್ಲಾ ಅಲ್ಲೇ ಇಡ್ತೀನಿ. ಬೆಲೆಬಾಳೂದಂತೂ ಮತ್ತ ಒಳಗ, ಮಂಜಿನ ಬುಡಕ.”

ಹಾಗಾದರೆ ಇದು ಅಸಡ್ಡೆಯಾಗಿರಲಿಲ್ಲ. ಅವಳು ಆ ಔಷಧವನ್ನು ತನ್ನ ಕಸುಬು ಕಲಿಸಿದ ಅತ್ಯುತ್ತಮ ರೀತಿಯಲ್ಲಿ ಕಾಪಾಡಿದ್ದಳು.

ಶೈಲಶ್ರೀ ಮೆಲ್ಲಗೆ ಹೇಳಿದಳು: “ಎಲ್ಲಾದಕ್ಕೂ ಹಂಗಲ್ಲ. ಕೆಲವು ಒಳಗ ಸುತ್ತಿದ ನೂಲಿನುಂಡಿ ಇದ್ದಂಗ ಇರ್ತಾವು. ಹೆಪ್ಪುಗಟ್ಟಿತು ಅಂದ್ರ ಐಸಿನ ಚೂರು ಆ ನೂಲನ್ನ ಹರಿದು ಬಿಡತಾವು. ಕರಗಿದ ಮ್ಯಾಲೆ ಮೊದಲಿನ್ಹಂಗ ಕಾಣ್ತಾವು. ಒಳಗ ಏನೂ ಉಳದಿರಂಗಿಲ್ಲ.”

ಕೋನು ನಿಂತಿತು. ಅಂಗೈಯ ನಡುವೆ ಮೆಹಂದಿಯ ಒಂದು ದಪ್ಪ ಹನಿ ಬಿತ್ತು.

“ಏನಾತ ಮಧೂ?” ಎಂದಳು ಕಾಶವ್ವ.

“ಏನಿಲ್ಲತ್ತಿ.” ಬೆರಳ ತುದಿಯಿಂದ ಹನಿಯನ್ನು ಒರೆಸಿದಳು. ಒರೆಸಿದ ಮೇಲೂ ಬೆರಳನ್ನು ತೆಗೆಯಲಿಲ್ಲ. ತುಂಬ ಸಣ್ಣ ದನಿಯಲ್ಲಿ ಕೇಳಿದಳು: “ಹಂಗಾರ ಎಲುಬಿನ ತಪ್ಪಿಲ್ಲರಿ?”

“ಇರಾಕಿಲ್ಲ.”

“ಯಾರ ಎಲುಬ?” ಎಂದಳು ಕಾಶವ್ವ.

“ನನ್ನವರಿ,” ಎಂದಳು ಶೈಲಶ್ರೀ. “ಬಹಳ ಹೊತ್ತು ಕೂತ್ರ ಹಿಡಕೋತಾವು.” ಕಾಶವ್ವ ತಕ್ಷಣ ಒಳಗಿನಿಂದ ದಿಂಬು ತಂದು ಅವಳ ಬೆನ್ನಿಗೆ ಕೊಟ್ಟಳು.

*

ಕೇಂದ್ರಕ್ಕೆ ಮರಳಿ ಶೈಲಶ್ರೀ ಎರಡು ಹೊಸ ಸೂಜಿ ತೆಗೆದುಕೊಂಡಳು. ಒಂದನ್ನು ಸರಿಯಾದ ತಂಪಿನಲ್ಲಿ, ಇನ್ನೊಂದನ್ನು ಮೂರು ದಿನ ಮಂಜಿನಲ್ಲಿಟ್ಟಳು. ಆಮೇಲೆ ಎರಡು ತಟ್ಟೆಗಳಲ್ಲಿ ಮಜ್ಜೆಯ ಕೋಶಗಳನ್ನು ಬಿತ್ತಿ, ಒಂದಕ್ಕೆ ಇದು, ಒಂದಕ್ಕೆ ಅದು ಕೊಟ್ಟಳು. ಹತ್ತು ದಿನ ಕಾದಳು. ಕೈ ಮೇಲಿನ ಮೆಹಂದಿ ಕೆಂಪಾಗಿ, ಮಾಸುತ್ತ ಬಂತು. ಹತ್ತನೆಯ ದಿನ ಸೂಕ್ಷ್ಮದರ್ಶಕದಡಿ ಮೊದಲ ತಟ್ಟೆಯಲ್ಲಿ ಕೋಶಗಳು ರಾಗಿ ತೆನೆಯಂತೆ ಗೊಂಚಲು ಗೊಂಚಲಾಗಿ ಕೂಡಿದ್ದವು. ಎರಡನೆಯದು ಬಯಲು.

ಡಾ. ಜಾಲಿಹಾಳ ಬಹಳ ಹೊತ್ತು ಕಣ್ಣಿಟ್ಟು ನೋಡಿದರು.

“ಗಂಡಸರು ಐದೂ ದಿನ ನಮ್ಮ ವಸತಿಗೃಹದಾಗ ಉಳೀತಾರ ಸರ್,” ಎಂದಳು ಶೈಲಶ್ರೀ. “ಕೆಲಸದ ಮ್ಯಾಲೆ ಹೊಂಟೀನಿ ಅಂದ್ರ ಅವರನ್ನ ಯಾರೂ ಕೇಳಂಗಿಲ್ಲ. ಹೆಣ್ಣುಮಕ್ಕಳು ಔಷಧ ಮನಿಗೆ ಒಯ್ತಾರ. ಮನ್ಯಾಗ ಎಲ್ಲಿ ಮುಚ್ಚಿಡ್ತಾರ ಅಂತ ನಾವು ಕೇಳೇ ಇಲ್ಲ. ಫ್ರಿಜ್ಜು ಅಂದ್ರು, ಬರಕೊಂಡ್ವಿ.”

“ಈ ತಟ್ಟಿ ಔಷಧದ ಬಗ್ಗೆ ಹೇಳತದ. ಹನ್ನೆರಡು ಮನಿ ಬಗ್ಗೆ ಹೇಳಂಗಿಲ್ಲ.” ಅವರ ದನಿಯಲ್ಲಿ ಹಟವಿರಲಿಲ್ಲ, ಅಂಜಿಕೆಯಿತ್ತು. “ಒಬ್ಬಾಕಿ ಆದ್ರೂ ಎಲ್ಲಿಟ್ಟಿದ್ದೆ ಅಂತ ಬರದು ಕೊಡಲಿ. ಊರೂರು ತಿರುಗೂ ನಮ್ಮ ಕ್ಷೇತ್ರದವರು ಮನಿಗೆ ಹೋಗಿ ನೋಡಿ ಬರಲಿ. ಅದು ನಿಯಮ. ಆವಾಗ ಎಲ್ಲಾರನ್ನೂ ತಿರುಗಿ ಕರೀಬಹುದು.”

ಕ್ಷೇತ್ರದವರು ಹೋಗುವುದು ಜೀಪಿನಲ್ಲಿ. ಅದರ ಎರಡೂ ಬದಿಗೆ ಎಚ್‌ಐವಿಯ ಗುರುತಾದ ಕೆಂಪು ರಿಬ್ಬನ್ನಿನ ಚಿತ್ರ.

ಶೈಲಶ್ರೀ ಫೋನಿನಲ್ಲಿ ಇದನ್ನು ಹೇಳಿದಾಗ ಮಧುಮತಿ ನಕ್ಕಳು. “ಜೀಪು ಬಂದು ನಿಂತ್ರ ನನ್ನ ಮದಿವಿ ಸೀಜನ್ ಮುಗೀತ್ರಿ ಅಕ್ಕಾರ. ಸಾಯಾಕ ಇನ್ನೂ ಟೈಮ ಐತಿ, ಊಟಾ ದಿನಾ ಬೇಕು.” ಆಮೇಲೆ ನಗು ನಿಂತಿತು. “ನಾ ಬರದು ಕೊಡಂಗಿಲ್ಲ. ಸಿಟ್ಟಾಗಬ್ಯಾಡ್ರಿ.”

ಸಿಟ್ಟಾಗಲು ಶೈಲಶ್ರೀಗೆ ಯಾವ ಹಕ್ಕೂ ಇರಲಿಲ್ಲ. ತಾನು ಸಕ್ಕರೆ ಕಾಯಿಲೆಯ ಸಂಶೋಧನೆಯಲ್ಲಿ ಕೆಲಸ ಮಾಡುತ್ತೇನೆಂದು ಆರು ವರ್ಷದಿಂದ ಅತ್ತೆಗೆ ಹೇಳಿಕೊಂಡು ಬಂದಿದ್ದಳು.

ಅವಳು ಮತ್ತೆ ಡಾ. ಜಾಲಿಹಾಳರ ಮುಂದೆ ನಿಂತಳು. ಕೊನೆಗೆ ಅವರು ಒಪ್ಪಿದ್ದು ಇಷ್ಟು: “ಒಂದ ಸಲ. ಔಷಧ ನಿಮ್ಮ ವಶದಾಗ ಇರಬೇಕು, ಸೂಜಿ ನಿಮ್ಮ ಕಣ್ಣ ಮುಂದ ಆಗಬೇಕು. ಇಪ್ಪತ್ತಕ್ಕ ಒಂದು ಕಡಿಮಿ ಬಂದ್ರೂ ಆಕಿ ಹೆಸರು ಕಾಯಂ ಹೋಗತದ. ಆಮ್ಯಾಲೆ ನನ್ನ ಕೇಳಬ್ಯಾಡ್ರಿ.”

ಐದು ದಿನ, ದಿನಕ್ಕೆ ಎರಡು ಸಲ. ವಸತಿಗೃಹದಲ್ಲಿ ಹೆಂಗಸರಿಗೆ ಕೋಣೆಯೇ ಇರಲಿಲ್ಲ. ಅವರು ಉಳಿಯುವುದಿಲ್ಲವೆಂದು ಯಾರೂ ಕಟ್ಟಿಸಿರಲಿಲ್ಲ. ‘ಬಾಗಲಕೋಟೆಯಲ್ಲಿ ದೊಡ್ಡ ಮದುವೆ, ಐದು ದಿನದ ಕೆಲಸ’ ಎಂದು ಮನೆಯಲ್ಲಿ ಹೇಳಿ ಮಧುಮತಿ ಚೀಲ ಹಿಡಿದು ಬಂದಳು. ಉಳಿದದ್ದು ಶೈಲಶ್ರೀಯ ಮನೆಯಲ್ಲಿ.

*

ಶೈಲಶ್ರೀಯ ಗಂಡ ಸೊಲ್ಲಾಪುರದಲ್ಲಿ ನೌಕರಿಯಲ್ಲಿದ್ದ. ಮನೆಯಲ್ಲಿದ್ದವರು ಅವಳು ಮತ್ತು ಅತ್ತೆ ಸಾವಂತ್ರೆವ್ವ. ಫ್ರಿಜ್ಜಿನ ಬಾಗಿಲ ಮೇಲಿನ ಅಂಕಣ ಸಾವಂತ್ರೆವ್ವನ ಇನ್ಸುಲಿನ್ನಿನದು. ಮೊದಲ ದಿನ ಬೆಳಿಗ್ಗೆಯೇ ಅವಳು ಹೊಸ ಸೂಜಿಗಳನ್ನು ಕೈಗೆತ್ತಿಕೊಂಡು ಅಡುಗೆಮನೆಗೆ ಬಂದಳು.

“ಇದು ನಂದಲ್ಲ. ಇದೇನ ಔಷಧ?”

“ಮಧುಮತೀದು.”

“ಸಕ್ರೀದಲ್ಲ ಇದು. ಹದಿನೈದು ವರ್ಷ ಚುಚ್ಚಿಸ್ಕೊಂಡೀನಿ, ನನಗ ಹೇಳಬ್ಯಾಡ.”

ಶೈಲಶ್ರೀ ಒಲೆ ಆರಿಸಿದಳು. ಪಡಸಾಲೆಯಲ್ಲಿ ಮಧುಮತಿಗೆ ಎಲ್ಲ ಕೇಳಿಸುತ್ತಿತ್ತು. ಹೇಳುವ ಮೊದಲು ಶೈಲಶ್ರೀ ಅವಳ ಕಡೆ ನೋಡಿದಳು. ಮಧುಮತಿ ಹೇಳಿರಿ ಎಂಬಂತೆ ತಲೆಯಾಡಿಸಿದಳು. ಆಗ ಶೈಲಶ್ರೀ ರೋಗದ ಹೆಸರು ಹೇಳಿದಳು, ಕೇಂದ್ರದ ಹೆಸರು ಹೇಳಿದಳು. ಆರು ವರ್ಷದ ಮಾತು ಅರ್ಧ ನಿಮಿಷದಲ್ಲಿ ಮುಗಿದುಹೋಯಿತು.

ಸಾವಂತ್ರೆವ್ವ ಕೂತುಕೊಂಡಳು. ಕೇಳಿದಳು: “ಹಂಗಾರ ಓಣಿ ಮಂದಿ ಬಂದು ಸಕ್ರಿಗೆ ಏನ ತಗೋಬೇಕು ಅಂತ ಕೇಳಿದಾಗೆಲ್ಲ ಏನ ಹೇಳತಿದ್ದಿ?”

“ಮೆಂತ್ಯ ತಿನ್ರಿ ಅಂತಿದ್ದೆ.”

“ಅವ್ವಾ! ಮಂದಿ ಪಾಪ ಮೆಂತ್ಯ ತಿಂದು ತಿಂದು ಸತ್ತ್ರು.” ನಗಲಿಲ್ಲ. “ನಾ ಅಂಜತಿದ್ನಿ ಅಂತ ಹೇಳಲಿಲ್ಲೇನು?”

“ಹೌದತ್ತಿ.”

“ಅಂಜತಿದ್ನಿ ಖರೆ. ಈಗೂ ಅಂಜಿಕಿ ಐತಿ.” ಎದ್ದು ಹೋಗಿ ತನ್ನ ಇನ್ಸುಲಿನ್ನನ್ನು ಕೆಳಗಿನ ಅಂಕಣಕ್ಕೆ ಸರಿಸಿ, ಆ ಸೂಜಿಗಳನ್ನು ಮೇಲಿಟ್ಟಳು. ಅಷ್ಟು ಮಾಡಿದವಳು ಚಹಾ ಮಾತ್ರ ಮಧುಮತಿಗೆ ಬೇರೆ ಲೋಟದಲ್ಲಿ ಕೊಟ್ಟಳು. ಎರಡು ದಿನ ಆ ಲೋಟ ಬೇರೆಯೇ ಇತ್ತು. ಮಧುಮತಿ ಕುಡಿದು, ತಾನೇ ತೊಳೆದು, ಬೋರಲು ಹಾಕುತ್ತಿದ್ದಳು.

ಮೂರನೆಯ ದಿನ ಮಧ್ಯಾಹ್ನ ಪ್ರಯೋಗಾಲಯದ ಫೋನು ಬಡಿದುಕೊಂಡಿತು.

“ಅಕ್ಕಾರ,” ಮಧುಮತಿಯ ದನಿ ಏದುಸಿರಾಗಿತ್ತು. “ನೋಯಾಕತ್ತೈತ್ರಿ!”

“ಎಲ್ಲಿ?”

“ಸೊಂಟ, ತೊಡಿ, ಎದಿ ಎಲುಬು. ಒಳಗ ಯಾರೋ ಮಗ್ಗ ಹೊಡದ್ಹಂಗ ಆಗಾಕತ್ತೈತಿ. ಹೋದ ಸಲ ಏನೂ ಇರಲಿಲ್ರಿ. ಇರಲೇ ಇಲ್ಲ! ಅಕ್ಕಾರ, ನೋಯಾಕತ್ತೈತಿ!” ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

ಮಜ್ಜೆಯೊಳಗೆ ಕೋಶಗಳು ಹೆಚ್ಚಿ ಒತ್ತರಿಸಿದಾಗ ಎಲುಬು ನೋಯುತ್ತದೆ. ಪಟ್ಟಿಯಲ್ಲಿದ್ದ ಗಂಡಸರೆಲ್ಲ ಆ ನೋವಿನ ಬಗ್ಗೆ ಗೊಣಗಿದ್ದರು. ಹನ್ನೆರಡು ಹೆಂಗಸರಲ್ಲಿ ಯಾರೂ ಗೊಣಗಿರಲಿಲ್ಲ. ಹೆಂಗಸರು ತಾಳಿಕೊಳ್ಳುತ್ತಾರೆ ಎಂದು ಕಡತದಲ್ಲಿ ಯಾರೋ ಬರೆದಿದ್ದರು.

ಶೈಲಶ್ರೀ ಮನೆಗೆ ಹೋದಾಗ ಸಾವಂತ್ರೆವ್ವ ಹೆಂಚಿನ ಮೇಲೆ ಉಪ್ಪು ಹುರಿದು, ಬಟ್ಟೆಯಲ್ಲಿ ಕಟ್ಟಿ, ಮಧುಮತಿಯ ಸೊಂಟಕ್ಕೆ ಶಾಖ ಕೊಡುತ್ತಿದ್ದಳು. “ಬಾಣಂತಿಗಿಂತ ಜೋರ ಒದರ್ತಾಳಲ್ಲ ಇಕಿ,” ಎಂದು ಬೈಯುತ್ತಿದ್ದಳು. “ಇತ್ತಾಗ ಹೊಳ್ಳು. ನೋಯಲಿ. ನೋಯೂದು ಬೇಕಂತಲ್ಲ ನಿನಗ, ತಗೋ.” ಪಕ್ಕದಲ್ಲಿ ಎರಡು ಲೋಟ ಚಹಾ ಆರುತ್ತಿದ್ದವು. ಯಾರದು ಯಾವುದೆಂದು ಹೇಳುವಂತಿರಲಿಲ್ಲ.

*

ಆರನೆಯ ದಿನ ಬೆಳಿಗ್ಗೆ ಶೈಲಶ್ರೀ ಹನಿಯನ್ನು ಯಂತ್ರಕ್ಕೆ ಕೊಟ್ಟು ಪರದೆಯ ಕಡೆ ನೋಡದೆ ನಿಂತಳು. ಡಾ. ಜಾಲಿಹಾಳ ಅವಳ ಹಿಂದಿದ್ದರು. ಅವರೇ ಓದಿದರು.

“ಮೂವತ್ನಾಲ್ಕು.”

ಇನ್ನೊಂದು ಹನಿ ಕೊಟ್ಟರು. ಮೂವತ್ತೈದು. ಅವರು ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸುತ್ತ, “ನಾ ಆ ಹೆಸರು ಇಡಬಾರದಿತ್ತು,” ಎಂದರು. ಆಮೇಲೆ, “ಒಬ್ಬಾಕಿ ಅಂಕಿಯಿಂದ ಉಳಿದವರ ಗೆರಿ ಅಳಸಾಕ ಸಮಿತಿ ಒಪ್ಪಂಗಿಲ್ಲ, ಶೈಲಾ. ಯಾಕ ಕೆಟ್ಟಿತ್ತು ಅನ್ನೂದು ಕಾಗದದ ಮ್ಯಾಲೆ ಬೇಕು.”

“ಆಕಿ ಒಲ್ಲೆ ಅಂದಾಳ ಸರ್. ಆಕೀನ ಕೇಳಬ್ಯಾಡ್ರಿ.”

ಮಧುಮತಿಯನ್ನು ಮಂಚದ ಮೇಲೆ ಮಲಗಿಸಿ ಎರಡೂ ತೋಳಿಗೆ ದಪ್ಪ ಸೂಜಿ ಹಾಕಿದರು. ಆರು ಗಂಟೆ ಮೊಣಕೈ ಮಡಿಸುವಂತಿಲ್ಲ. ಯಂತ್ರ ತಿರುಗತೊಡಗಿತು, ಮೇಲೆ ತೂಗುಬಿಟ್ಟ ಚೀಲದಲ್ಲಿ ತಿಳಿಗುಲಾಬಿ ದ್ರವ ಹನಿಹನಿಯಾಗಿ ಕೂಡತೊಡಗಿತು. ಈರಣ್ಣ ಮಗ್ಗ ಬಿಟ್ಟು ಬಂದಿದ್ದ. ಹೆಂಡತಿಗೆ ಚಮಚದಲ್ಲಿ ನೀರು ಕುಡಿಸುತ್ತಿದ್ದ; ಅವಳ ಮೂಗು ತುರಿಸಿದರೆ ಅವನೇ ಕೆರೆಯಬೇಕಾಗಿತ್ತು.

“ಎಡಕ್ಕ. ಅಲ್ಲ, ನನ್ನ ಎಡಕ್ಕ,” ಎಂದಳು. “ಇಷ್ಟು ವರ್ಷ ನೇಯ್ದು ಎಡ ಬಲ ತಿಳಿಯವಲ್ತು ನಿಮಗ.”

ಚೀಲ ಅರ್ಧ ತುಂಬಿದ ಹೊತ್ತಿಗೆ ಅವಳು ಶೈಲಶ್ರೀಯನ್ನು ಕರೆದಳು. “ಆ ಉಳಿದವರು ಎಷ್ಟು ಮಂದಿ?”

“ಹನ್ನೊಂದು. ಒಬ್ಬಾಕಿ ತೀರಿಕೊಂಡಾಳ. ಹತ್ತು.”

“ಅವರಿಗೆ ಫೋನ್ ಮಾಡಿದ್ರೇನು?”

“ನಿಯಮ ಇಲ್ಲ. ಕರೀಬೇಕಂದ್ರ...” ಶೈಲಶ್ರೀ ಅಲ್ಲಿಗೆ ನಿಲ್ಲಿಸಿದಳು.

ಮಧುಮತಿ ಚೀಲವನ್ನೇ ನೋಡುತ್ತಿದ್ದಳು.

“ಎಲುಬು ದಣಿದಾವು ಅಂದಾಗ ಮನಿಗೆ ಹೋಗಿ ಒಂದ ವಾರ ನಾ ಯಾರ ಕೈನೂ ಹಿಡೀಲಿಲ್ರಿ,” ಎಂದಳು. “ನನ್ನೊಳಗ ಎಲ್ಲಾ ಮುಗದೈತಿ, ನಾ ಹಚ್ಚಿದ ಬಣ್ಣಾನೂ ನಿಲ್ಲಂಗಿಲ್ಲ ಅನಿಸ್ತಿತ್ತು. ಆ ಹತ್ತು ಮಂದಿ ಈಗೂ ಹಂಗ ಕೂತಾರ.” ಉಸಿರೆಳೆದುಕೊಂಡಳು. “ಕಾಗದ ತಗೋರಿ. ಬರೀರಿ.”

“ಮಧೂ,” ಎಂದ ಈರಣ್ಣ. “ಅವ್ವಗ...”

“ಅತ್ತಿಗೆ ನಾನ ಹೇಳತೀನಿ. ಜೀಪಿನವರು ಹೇಳೂಕಿಂತ ಮೊದಲ ಹೇಳತೀನಿ. ನೀವು ಬಾಜೂ ನಿಂದರ್ರಿ, ಸಾಕು.”

ಅವನು ತಲೆ ತಗ್ಗಿಸಿ ಹೂಂ ಎಂದ.

ಶೈಲಶ್ರೀ ಬರೆದುಕೊಂಡಳು. ಔಷಧವನ್ನು ಫ್ರೀಜರಿನಲ್ಲಿ ಮೆಹಂದಿ ಕೋನುಗಳ ನಡುವೆ ಇಟ್ಟಿದ್ದೆ. ಮನೆಯವರಿಗೆ ಕಾಣಬಾರದೆಂದು ಇಟ್ಟಿದ್ದೆ. ಹೆಚ್ಚು ತಂಪಾದರೆ ಹೆಚ್ಚು ಚಲೋ ಎಂದು ತಿಳಿದಿದ್ದೆ. ಕೇಳಿದಾಗ ಸುಳ್ಳು ಹೇಳಿದ್ದೆ. ಮಧುಮತಿ ಹೇಳಿದಂತೆಯೇ, ಒಂದು ಮಾತನ್ನೂ ತಿದ್ದದೆ.

“ಮ್ಯಾಲೆ ನಂಬರ ಬರೀತೀನಿ. ಹದಿನೇಳು. ಅಷ್ಟ ಸಾಕು,” ಎಂದಳು ಶೈಲಶ್ರೀ.

“ನಂಬರಿನ ಮಾತು ಆ ಹೆಣ್ಣುಮಕ್ಕಳು ನಂಬಂಗಿಲ್ರಿ. ಕಾಯೂ ಖೋಲ್ಯಾಗ ಅವರ ಕೈ ಹಿಡಿದಾಕಿ ನಾನು. ಹೆಸರ ಬೇಕು.” ಆಮೇಲೆ, “ಇನ್ನೊಂದು ಬರೀರಿ. ಜೀಪು ಬರಲಿ, ಆದ್ರ ಓಣಿ ತುದೀಗೆ ನಿಂದರಲಿ. ಅಲ್ಲೀತನಾ ನಾ ನಡದು ಬರ್ತೀನಿ.”

ಡಾ. ಜಾಲಿಹಾಳ ಬಾಗಿಲಲ್ಲಿ ನಿಂತಿದ್ದರು. “ಜೀಪು ಬ್ಯಾಡ. ನಾ ಬಸ್ಸಿನ್ಯಾಗ ಬರ್ತೀನಿ,” ಎಂದರು. ಶೈಲಶ್ರೀ ಅದನ್ನೂ ಬರೆದಳು.

“ಸಹಿ ಆಮ್ಯಾಲೆ ಮಾಡೀರಂತ. ಕೈ ಬಿಡಿಸಿದ ಮ್ಯಾಲೆ,” ಎಂದಳು.

“ಈಗ ಮಾಡತೀನಿ. ಕೈ ಬಿಡಿಸಿದ ಮ್ಯಾಲೆ ಧೈರ್ಯ ಇರತೈತೋ ಇಲ್ಲೋ.”

ಬಲತೋಳು ಚಾಚಿ ಕಟ್ಟಿತ್ತು. ಅಲುಗಿಸಬಹುದಾದದ್ದು ಬೆರಳ ತುದಿಗಳನ್ನು ಮಾತ್ರ. ಈರಣ್ಣ ಆ ಬೆರಳುಗಳ ನಡುವೆ ಪೆನ್ನು ಸಿಗಿಸಿದ. ಶೈಲಶ್ರೀ ಹಲಗೆಯ ಮೇಲೆ ಕಾಗದವಿಟ್ಟು ಪೆನ್ನಿನ ಕೆಳಗೆ ಹಿಡಿದಳು. ಮಧುಮತಿಗೆ ಮೊದಲ ಅಕ್ಷರ ಬಂತು. ಎರಡನೆಯದಕ್ಕೆ ಕೈ ಸರಿಯಲಿಲ್ಲ. ಆಗ ಶೈಲಶ್ರೀ ಕಾಗದವನ್ನೇ ಒಂದು ಅಕ್ಷರದಷ್ಟು ಎಡಕ್ಕೆ ಸರಿಸಿದಳು. ಮಧುಮತಿ ಬರೆದಳು. ಇವಳು ಮತ್ತೆ ಸರಿಸಿದಳು. ಅವಳು ಬರೆದಳು. ಮೇಲೆ ಚೀಲ ತುಂಬುತ್ತಿತ್ತು. ಕೆಳಗೆ ಒಬ್ಬಳ ಕೈ ನಿಂತಲ್ಲೇ ನಿಂತು, ಇನ್ನೊಬ್ಬಳ ಕೈ ಮೆಲ್ಲಗೆ ಚಲಿಸುತ್ತ, ನಾಲ್ಕು ಅಕ್ಷರದ ಹೆಸರು ಡೊಂಕುಡೊಂಕಾಗಿ, ಓದಬರುವಂತೆ, ಪೂರ್ತಿಯಾಯಿತು.